ವಿದ್ಯಾರ್ಥಿಗಳೇ ನಡೆಸುವ ಲಾ ರಿವ್ಯೂಗೆ ಸೇರುವುದು ಹೇಗೆ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಹೊಳೆನರಸೀಪುರ, ಚಿಕ್ಕಮಗಳೂರು ಕಡೆಯ ಕಾನೂನು ವಿದ್ಯಾರ್ಥಿಗಳು, ಅವರ ಮನೆಯವರು, ಕೆಲವು ಸಲ ಅವರ ಮೇಷ್ಟ್ರುಗಳು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಬಹುದು. ಹೊಸಬರು ಮೇಲಿನಿಂದ ಶುರು ಮಾಡಿ, ಈಗಾಗಲೇ ಸಂಪಾದಕ ಮಂಡಳಿಯಲ್ಲಿರುವವರು ನೇರ ಕೆಳಗಿನ ಭಾಗಗಳಿಗೆ ಹೋಗಿ.

## ಮೊದಲ ಮಾತು

ಲಾ ರಿವ್ಯೂ ಅಂದ್ರೆ ಕಾಲೇಜ್ ಮ್ಯಾಗಜೀನ್ ಥರಾನಾ?

ಅಲ್ಲ. ಲಾ ರಿವ್ಯೂ ಎಂದರೆ ಕಾನೂನಿನ ವಿಷಯದ ಸಂಶೋಧನಾ ಲೇಖನಗಳ ನಿಯತಕಾಲಿಕ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂದ ಬರಹ ಬಹುಮಟ್ಟಿಗೆ ಬಂದ ಹಾಗೆಯೇ ಅಚ್ಚಾಗುತ್ತದೆ. ಲಾ ರಿವ್ಯೂನಲ್ಲಿ ಹಾಗಿಲ್ಲ. ಬಂದ ಲೇಖನವನ್ನು ಲೇಖಕರ ಹೆಸರು ಮುಚ್ಚಿ ಇಬ್ಬರು ಮೂವರು ಓದುತ್ತಾರೆ, ವಾದ ನಿಲ್ಲುತ್ತದೆಯೇ ಎಂದು ನೋಡುತ್ತಾರೆ, ಒಂದೊಂದು ಅಡಿಟಿಪ್ಪಣಿಯನ್ನೂ ಮೂಲದ ಜೊತೆ ಇಟ್ಟು ತಾಳೆ ಹಾಕುತ್ತಾರೆ. ಅಷ್ಟೂ ಆದ ಮೇಲೆ ಪ್ರಕಟಣೆ.

ಕಾನೂನು ಜಗತ್ತಿನ ಒಂದು ವಿಶೇಷವೆಂದರೆ ಈ ಕೆಲಸವನ್ನು ಪ್ರಾಧ್ಯಾಪಕರ ಬದಲು ವಿದ್ಯಾರ್ಥಿಗಳೇ ಮಾಡಿಕೊಂಡು ಬಂದಿದ್ದಾರೆ. ಹಾರ್ವರ್ಡ್ ಲಾ ರಿವ್ಯೂವನ್ನು 1887ರಲ್ಲಿ ಶುರು ಮಾಡಿದವರು ಅಲ್ಲಿನ ವಿದ್ಯಾರ್ಥಿಗಳು. 1890ರಲ್ಲಿ ಅದರಲ್ಲಿ ಬಂದ ಖಾಸಗಿತನದ ಹಕ್ಕಿನ ಲೇಖನವನ್ನು ನಮ್ಮ ಸುಪ್ರೀಂ ಕೋರ್ಟ್, ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಚರ್ಚಿಸಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ರಿವ್ಯೂ ಕೂಡ ವಿದ್ಯಾರ್ಥಿಗಳ ಕೈಯಲ್ಲೇ ನಡೆಯುತ್ತಿದೆ.

ನಾನಿನ್ನೂ ಫಸ್ಟ್ ಇಯರ್. ಕಾನ್‌ಸ್ಟಿಟ್ಯೂಷನ್ನೇ ಓದಿಲ್ಲ. ಈಗ್ಲೇ ಸೇರ್ಬಹುದಾ?

ಸೇರಬಹುದು. ಐದು ವರ್ಷದ ಕೋರ್ಸಿನಲ್ಲಿ ಇರುವವರಿಗೆ ಎರಡನೇ ಸೆಮಿಸ್ಟರ್ ಒಳ್ಳೆಯ ಸಮಯ, ಮೂರು ವರ್ಷದ ಎಲ್‌ಎಲ್‌ಬಿಯವರು ಮೊದಲ ಸೆಮಿಸ್ಟರಿನಲ್ಲೇ ಅರ್ಜಿ ಹಾಕಲಿ. ಅವರಿಗೆ ಇರುವ ಕಾಲವೇ ಕಡಿಮೆ. ಹೊಸಬರಿಗೆ ಮೊದಲು ಕೊಡುವ ಕೆಲಸ ಅಡಿಟಿಪ್ಪಣಿ ತಪಾಸಣೆ. ಅದಕ್ಕೆ ವಿಷಯದ ಪಾಂಡಿತ್ಯ ಬೇಕಿಲ್ಲ, ಕಂಡದ್ದನ್ನು ಕಂಡ ಹಾಗೆ ತಾಳೆ ನೋಡುವ ತಾಳ್ಮೆ ಇದ್ದರೆ ಸಾಕು. ಕೊನೆಯ ವರ್ಷದಲ್ಲಿ ಸೇರುತ್ತೇನೆ ಎನ್ನುವವರನ್ನು ಹೆಚ್ಚಿನ ಮಂಡಳಿಗಳು ತೆಗೆದುಕೊಳ್ಳುವುದಿಲ್ಲ, ಕಲಿಸುವಷ್ಟರಲ್ಲಿ ಅವರು ಹೊರಟಿರುತ್ತಾರೆ.

ನಾನು ಬಿ.ಎ. ಪೊಲಿಟಿಕಲ್ ಸೈನ್ಸ್, ಲಾ ಅಲ್ಲ. ನಮ್ಮಂಥೋರಿಗೂ ಜಾಗ ಇದೆಯಾ?

ಅಮೆರಿಕದಲ್ಲಿ ಕಾನೂನು ಓದುವುದು ಪದವಿ ಮುಗಿಸಿದ ಮೇಲೆ. ಹಾಗಾಗಿ ಅಲ್ಲಿನ ಪದವಿ ಹಂತದ ಲಾ ರಿವ್ಯೂಗಳನ್ನು ನಡೆಸುವವರು ರಾಜ್ಯಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ ಓದುವ ಮಕ್ಕಳೇ. ನಮ್ಮಲ್ಲಿ ಪಿಯುಸಿ ಆದ ಕೂಡಲೇ ಕಾನೂನು ಕೋರ್ಸಿಗೆ ಸೇರಬಹುದಾದ್ದರಿಂದ ಮಂಡಳಿಗಳು ಸಹಜವಾಗಿ ಕಾನೂನು ಕಾಲೇಜಿನವರಿಂದಲೇ ತುಂಬಿವೆ. ಆದರೂ ಪ್ರಕಟಣೆಯ ನಿಯಮ ಓದಿ ನೋಡಿ. ಲೇಖನ ಕಳಿಸಲು 'ಯಾವುದೇ ಪದವಿ ವಿದ್ಯಾರ್ಥಿ' ಎಂದಿದ್ದರೆ ನಿಮಗೂ ಹಕ್ಕಿದೆ. ಪಂಚಾಯತ್ ರಾಜ್, ಚುನಾವಣೆ, ಶಾಸಕಾಂಗದ ವಿಷಯಗಳಲ್ಲಿ ರಾಜ್ಯಶಾಸ್ತ್ರದವರು ಬರೆದ ಲೇಖನಕ್ಕೆ ಒಳ್ಳೆಯ ಬೆಲೆ ಇದೆ.

ಕನ್ನಡ ಮೀಡಿಯಂನಲ್ಲಿ ಓದಿದೋಳು ನಾನು. ಇಂಗ್ಲಿಷ್ ಅಷ್ಟಕ್ಕಷ್ಟೆ. ಅವಮಾನ ಆಗಲ್ವಾ?

ಈ ಪ್ರಶ್ನೆ ಬಂದಷ್ಟು ಇನ್ಯಾವುದೂ ಬಂದಿಲ್ಲ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ: ಇಂಗ್ಲಿಷ್ ಮಾತಾಡುವ ಸಲೀಸು ಬೇರೆ, ಲಾ ರಿವ್ಯೂ ಕೆಲಸ ಬೇರೆ. ಉದ್ಧರಣೆಯಲ್ಲಿ ಒಂದು ಪದ ಬಿಟ್ಟುಹೋಗಿದೆ, 141ನೇ ಪ್ಯಾರಾ ಎಂದು ಬರೆದದ್ದು ನಿಜವಾಗಿ 114ನೇ ಪ್ಯಾರಾ, ಹೇಳಿದ ಕಲಂ ರದ್ದಾಗಿ ವರ್ಷವಾಗಿದೆ: ಇವನ್ನು ಹಿಡಿಯಲು ಬೇಕಾದದ್ದು ಕಣ್ಣು ಮತ್ತು ಶ್ರದ್ಧೆ. ಸಲೀಸಾಗಿ ಓದಿಕೊಂಡು ಹೋಗುವವರ ಕಣ್ಣಿಗೆ ತಪ್ಪಿದ್ದು, ಒಂದೊಂದೇ ಪದ ಬಿಡಿಸಿ ಓದುವವರಿಗೆ ಸಿಗುವುದುಂಟು.

ಇನ್ನೊಂದು ಮಾತು. ಜಮೀನು, ಕಂದಾಯ, ಪಂಚಾಯತಿ ವಿಷಯದ ಲೇಖನದಲ್ಲಿ ಪಹಣಿ, ಮ್ಯುಟೇಶನ್, ಸಾಗುವಳಿ ಚೀಟಿ, ಬಗರ್ ಹುಕುಂ ಅರ್ಜಿ ಬಂದೇ ಬರುತ್ತವೆ. ಈ ದಾಖಲೆಗಳೆಲ್ಲ ಕನ್ನಡದಲ್ಲಿವೆ. ಇವನ್ನು ನೇರ ಓದಿ ಅರ್ಥ ಮಾಡಿಕೊಳ್ಳಬಲ್ಲವರು ಮಂಡಳಿಯಲ್ಲಿ ಇಲ್ಲದಿದ್ದರೆ ಆ ಲೇಖನವನ್ನು ಪರೀಕ್ಷಿಸಲಿಕ್ಕೇ ಆಗುವುದಿಲ್ಲ. ನಿಮ್ಮ ಕನ್ನಡವನ್ನು ಅರ್ಜಿಯಲ್ಲಿ ಅರ್ಹತೆ ಎಂದೇ ಬರೆಯಿರಿ.

ನಮ್ ಕಾಲೇಜಲ್ಲಿ ಲಾ ರಿವ್ಯೂನೇ ಇಲ್ಲ. ಬೆಂಗಳೂರಿಗೇ ಹೋಗ್ಬೇಕಾ?

ಬೇಕಿಲ್ಲ, ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ರಿವ್ಯೂಗಳು ಮಂಡಳಿಗೆ ಸಾಮಾನ್ಯವಾಗಿ ತಮ್ಮ ವಿದ್ಯಾರ್ಥಿಗಳನ್ನೇ ತೆಗೆದುಕೊಳ್ಳುತ್ತವೆ. ಲೇಖನ ಮಾತ್ರ ಎಲ್ಲರಿಂದಲೂ ಪಡೆಯುತ್ತವೆ. ಹಲವು ಕಾಲೇಜಿನವರು ಸೇರಿ ಆನ್‌ಲೈನ್‌ನಲ್ಲಿ ನಡೆಸುವ ನಿಯತಕಾಲಿಕಗಳು ಮಂಡಳಿಗೂ ಹೊರಗಿನವರನ್ನು ಕರೆಯುತ್ತವೆ, ಕೆಲಸವೆಲ್ಲ ಗೂಗಲ್ ಡಾಕ್ಸ್‌ನಲ್ಲೇ ನಡೆಯುತ್ತದೆ. ಸೇರುವ ಮುಂಚೆ ಅವುಗಳ ಹಿಂದಿನ ಎರಡು ಸಂಚಿಕೆ ತೆಗೆದು, ಒಂದು ಲೇಖನದ ಐದು ಅಡಿಟಿಪ್ಪಣಿಗಳನ್ನು ನೀವೇ ತಾಳೆ ಹಾಕಿ. ಐದರಲ್ಲಿ ಎರಡು ತಪ್ಪಿದ್ದರೆ ಅಲ್ಲಿ ಕಲಿಯುವುದಕ್ಕೆ ಏನೂ ಇಲ್ಲ.

ಮಗಳು ಇದಕ್ಕೆ ಸೇರ್ಕೊಂಡ್ರೆ ಸೆಮಿಸ್ಟರ್ ಓದು ಹಾಳಾಗಲ್ವಾ?

ಸಾಮಾನ್ಯ ವಾರಗಳಲ್ಲಿ ಮೂರರಿಂದ ಐದು ಗಂಟೆಯ ಕೆಲಸ. ಸಂಚಿಕೆ ಹೊರಬರುವ ಮುಂಚಿನ ಎರಡು ಮೂರು ವಾರ ಅದು ದುಪ್ಪಟ್ಟಾಗುತ್ತದೆ. ಒಳ್ಳೆಯ ಮಂಡಳಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿ ನೋಡಿಕೊಂಡೇ ಗಡುವು ಹಾಕುತ್ತದೆ. ಪರೀಕ್ಷೆಯ ತಿಂಗಳಿನಲ್ಲೂ ಕೆಲಸ ಹೇರುವ ಮಂಡಳಿಗೆ ಸೇರಬೇಡಿ ಎಂದು ಮಗಳಿಗೆ ಹೇಳಿ. ಅರ್ಜಿ ಹಾಕುವ ಮುಂಚೆ ಅವಳು ಇದನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ.

## ಆಯ್ಕೆ

ಸೆಲೆಕ್ಷನ್ ಹೇಗಿರುತ್ತೆ? ಮಾರ್ಕ್ಸ್ ನೋಡ್ತಾರಾ?

ಒಂದೊಂದು ಕಡೆ ಒಂದೊಂದು ಥರ. ಸಾಮಾನ್ಯವಾಗಿ ಮೂರು ಹಂತ ಇರುತ್ತದೆ: ಅರ್ಜಿ ಮತ್ತು ಸಣ್ಣ ಪರಿಚಯ ಪತ್ರ, ಎರಡು ಮೂರು ದಿನದ ಗಡುವಿನ ಎಡಿಟಿಂಗ್ ಟೆಸ್ಟ್, ಕೊನೆಗೆ ಹದಿನೈದು ಇಪ್ಪತ್ತು ನಿಮಿಷದ ಮಾತುಕತೆ. ಕೆಲವು ಕಡೆ ಒಂದು ತೀರ್ಪು ಕೊಟ್ಟು ಸಾವಿರ ಪದದ ಟಿಪ್ಪಣಿ ಬರೆಸುತ್ತಾರೆ. ಅಂಕಪಟ್ಟಿ ಕೇಳಿದರೂ ಅದು ತೀರ್ಮಾನ ಮಾಡುವುದು ಅಪರೂಪ. ತೀರ್ಮಾನ ಆಗುವುದು ಎಡಿಟಿಂಗ್ ಟೆಸ್ಟಿನಲ್ಲಿ.

'ಯಾಕೆ ಸೇರ್ಬೇಕು' ಅಂತ ಬರೆಯೋಕೆ ಹೇಳಿದ್ದಾರೆ. ಏನ್ ಬರೀಲಿ?

'ಚಿಕ್ಕಂದಿನಿಂದಲೂ ನ್ಯಾಯದ ಬಗ್ಗೆ ಒಲವು' ಎಂಬ ಸಾಲು ಬೇಡ. ಅದು ಎಲ್ಲ ಅರ್ಜಿಯಲ್ಲೂ ಇರುತ್ತದೆ. ಆ ರಿವ್ಯೂನ ಹಿಂದಿನ ಸಂಚಿಕೆಯ ಒಂದು ಲೇಖನ ಹೆಸರಿಸಿ, ಅದರಲ್ಲಿ ಯಾವ ವಾದ ನಿಮಗೆ ಒಪ್ಪಿಗೆಯಾಯಿತು, ಎಲ್ಲಿ ಸಡಿಲ ಅನಿಸಿತು ಎಂದು ನಾಲ್ಕು ಸಾಲು ಬರೆಯಿರಿ. ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ ಎಂದು ನಿಜ ಹೇಳಿ. ಅಷ್ಟು ಸಾಕು, ಮುನ್ನೂರು ಪದ ಮೀರಬೇಡಿ.

ಎಡಿಟಿಂಗ್ ಟೆಸ್ಟ್‌ಗೆ ಹೇಗೆ ತಯಾರಾಗೋದು?

ಎರಡು ಮೂರು ಪುಟದ ಬರಹ ಕೊಟ್ಟಿರುತ್ತಾರೆ, ಅದರಲ್ಲಿ ಬೇಕೆಂದೇ ತಪ್ಪು ತುಂಬಿರುತ್ತಾರೆ. ಕಾಗುಣಿತ, ವ್ಯಾಕರಣದ ತಪ್ಪನ್ನು ಎಲ್ಲರೂ ಹಿಡಿಯುತ್ತಾರೆ. ಅಂಕ ಇರುವುದು ಬೇರೆ ಕಡೆ:

ಒಂದು, ಬಹುಮತದ ತೀರ್ಪು ಎಂದು ಉಲ್ಲೇಖಿಸಿದ ಸಾಲು ಭಿನ್ನಮತದ ತೀರ್ಪಿನದ್ದಾಗಿರುವುದು. ಎರಡು, ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಿದ್ದರೂ ಅದನ್ನೇ ಆಧಾರ ಮಾಡಿಕೊಂಡಿರುವುದು. ಮೂರು, ಉದ್ಧರಣ ಚಿಹ್ನೆಯ ಒಳಗಿನ ಮಾತು ಮೂಲದಲ್ಲಿ ಸ್ವಲ್ಪ ಬೇರೆಯಾಗಿರುವುದು. ನಾಲ್ಕು, 'ಐಬಿಡ್' (ಅಂದರೆ 'ಹಿಂದಿನ ಟಿಪ್ಪಣಿಯ ಮೂಲವೇ') ಬಲೆ: ಹನ್ನೊಂದನೇ ಅಡಿಟಿಪ್ಪಣಿ ಒಂದು ತೀರ್ಪು, ಹನ್ನೆರಡನೆಯದು 'ಐಬಿಡ್' ಎಂದಿರುತ್ತದೆ. ನಡುವೆ ಯಾರೋ ಹೊಸ ಟಿಪ್ಪಣಿ ತುರುಕಿದರೆ 'ಐಬಿಡ್' ಬೇರೆಯೇ ಮೂಲವನ್ನು ತೋರಿಸತೊಡಗುತ್ತದೆ. ಇದನ್ನು ಹಿಡಿದವರು ಕಡಿಮೆ, ಹಿಡಿದವರನ್ನು ಮಂಡಳಿ ಬಿಡುವುದಿಲ್ಲ.

ಗಮನಿಸಿ: ತಪ್ಪು ಕಂಡಲ್ಲಿ ಸುಮ್ಮನೆ ತಿದ್ದಿಬಿಡಬೇಡಿ. ಟ್ರ್ಯಾಕ್ ಚೇಂಜಸ್ (ಮಾಡಿದ ತಿದ್ದುಪಡಿಯೆಲ್ಲ ಕಾಣುವ ಹಾಗಿಡುವ ಸೌಲಭ್ಯ) ಹಾಕಿ ತಿದ್ದಿ, ಪಕ್ಕದ ಕಾಮೆಂಟಿನಲ್ಲಿ ಕಾರಣ ಬರೆಯಿರಿ. ವಾದದ ತಪ್ಪನ್ನಂತೂ ತಿದ್ದಲೇಬಾರದು, ಲೇಖಕರಿಗೆ ಪ್ರಶ್ನೆಯಾಗಿ ಕೇಳಬೇಕು. ಇಡೀ ಪ್ಯಾರಾವನ್ನೇ ತಮ್ಮ ಮಾತಿನಲ್ಲಿ ಬರೆದುಬಿಡುವವರು ಬಹಳ ಮಂದಿ ಇದೇ ಕಾರಣಕ್ಕೆ ಬಿದ್ದುಹೋಗುತ್ತಾರೆ.

ಒಂದು ಸಲ ರಿಜೆಕ್ಟ್ ಆದ್ರೆ ಮತ್ತೆ ಹಾಕ್ಬಹುದಾ?

ಖಂಡಿತ. ಟೆಸ್ಟಿನ ಉತ್ತರವನ್ನು ಇಟ್ಟುಕೊಂಡಿರಿ, ಎಲ್ಲಿ ತಪ್ಪಿತು ಎಂದು ಕೇಳಿ ಒಂದು ಮೇಲ್ ಹಾಕಿ.

## ಒಳಗಿನ ಕೆಲಸ

ಸೈಟೇಶನ್ ಚೆಕ್ ಅಂತಾರಲ್ಲ, ಒಂದ್ಸಲ ಮಾಡಿ ತೋರಿಸ್ತೀರಾ?

ನಮ್ಮ ಜಿಲ್ಲೆಯದೇ ವಿಷಯ ತೆಗೆದುಕೊಳ್ಳೋಣ. ಪಶ್ಚಿಮ ಘಟ್ಟದ ಲೇಖನವೊಂದರಲ್ಲಿ ಹೀಗೊಂದು ವಾಕ್ಯ ಇದೆ ಎಂದುಕೊಳ್ಳಿ: 'ಕುದುರೆಮುಖದ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ನಿಲ್ಲಿಸಿತು.' ಅಡಿಟಿಪ್ಪಣಿ: ಟಿ.ಎನ್. ಗೋದಾವರ್ಮನ್ ತಿರುಮಲ್ಪಾಡ್ ವಿರುದ್ಧ ಭಾರತ ಒಕ್ಕೂಟ, (1997) 2 ಎಸ್‌ಸಿಸಿ 267. ಅಂದರೆ 'ಸುಪ್ರೀಂ ಕೋರ್ಟ್ ಕೇಸಸ್' ಎಂಬ ತೀರ್ಪು ವರದಿಯ 1997ರ 2ನೇ ಸಂಪುಟ, 267ನೇ ಪುಟ.

ಮೊದಲ ನೋಟಕ್ಕೆ ಎಲ್ಲ ಸರಿ. ಹೆಸರು ಸರಿ, ಸಂಪುಟ ಸರಿ, ಪುಟ ಸರಿ, ಆ ಪುಟದಲ್ಲಿ ಅದೇ ಹೆಸರಿನ ಆದೇಶವೂ ಇದೆ. ಹೆಸರು ಮಾತ್ರ ನೋಡಿ ಟಿಕ್ ಹಾಕುವವರು ಇಲ್ಲೇ ಮುಗ್ಗರಿಸುತ್ತಾರೆ. ಈಗ ಆದೇಶವನ್ನು ತೆರೆದು ಓದಿ. ಅದು 1996ರ ಡಿಸೆಂಬರ್ 12ರದ್ದು, 'ಅರಣ್ಯ' ಎಂದರೆ ಯಾವುದು ಎಂದು ಹೇಳಿದ ಪ್ರಸಿದ್ಧ ಆದೇಶ. ಕುದುರೆಮುಖದ ಗಣಿ ನಿಲ್ಲಿಸಿದ್ದು ಅದಲ್ಲ. ಅದೇ ಮೂಲ ರಿಟ್ ಅರ್ಜಿ, 1995ರ 202ನೇ ನಂಬರಿನದು, ವರ್ಷಗಟ್ಟಲೆ ನಡೆದು ಅದರಲ್ಲಿ ಲೆಕ್ಕವಿಲ್ಲದಷ್ಟು ಆದೇಶಗಳು ಬಂದಿವೆ. ಕುದುರೆಮುಖದ್ದು ಕೆ.ಎಂ. ಚಿಣ್ಣಪ್ಪನವರ ಮಧ್ಯಂತರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ಬಂದದ್ದು, (2002) 10 ಎಸ್‌ಸಿಸಿ 606. ಇನ್ನೂ ಒಂದು ಹೆಜ್ಜೆ: 'ನಿಲ್ಲಿಸಿತು' ಎಂಬ ಪದ. ಕೋರ್ಟ್ ಅಂದೇ ಗಣಿಗೆ ಬೀಗ ಹಾಕಿಸಲಿಲ್ಲ, 2005ರ ಕೊನೆಯವರೆಗೆ ಕಾಲ ಕೊಟ್ಟಿತು. ಲೇಖಕರ ವಾದ ಕಾಲಾವಕಾಶದ ಮೇಲೆ ನಿಂತಿದ್ದರೆ ಈ ಪದ ತಿದ್ದಲೇಬೇಕು.

ಹೀಗೆ ಒಂದು ಅಡಿಟಿಪ್ಪಣಿಗೆ ಕೇಳುವ ಪ್ರಶ್ನೆ ಮೂರು. ಮೂಲ ಇದೆಯೇ? ಇಲ್ಲಿ ಹೇಳಿದ ಮಾತನ್ನು ಮೂಲ ಹೇಳುತ್ತದೆಯೇ? ಆ ಮೂಲ ಇವತ್ತಿಗೂ ಊರ್ಜಿತದಲ್ಲಿದೆಯೇ? ಚುಕ್ಕಿ, ಅಲ್ಪವಿರಾಮ, ಓರೆ ಅಕ್ಷರ ಇವೆಲ್ಲ ಆಮೇಲೆ. ಕಲಿಯುವಾಗ ಒಂದು ಟಿಪ್ಪಣಿಗೆ ಹದಿನೈದು ನಿಮಿಷ ಹಿಡಿಯುತ್ತದೆ, ಎರಡು ಸಂಚಿಕೆ ಕಳೆಯುವಷ್ಟರಲ್ಲಿ ಐದಕ್ಕೆ ಇಳಿಯುತ್ತದೆ.

ನಮ್ ಕಾಲೇಜಲ್ಲಿ ಎಸ್‌ಸಿಸಿ ಆನ್‌ಲೈನ್ ಇಲ್ಲ, ಮನುಪಾತ್ರನೂ ಇಲ್ಲ. ಹೇಗೆ ಚೆಕ್ ಮಾಡೋದು?

ಇವೆರಡೂ ಚಂದಾ ಕಟ್ಟಿ ತೀರ್ಪು ಹುಡುಕುವ ತಾಣಗಳು. ಆದರೆ ಬಹುಪಾಲು ಕೆಲಸ ಉಚಿತ ಮೂಲಗಳಲ್ಲೇ ಆಗುತ್ತದೆ. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು 2023ರಿಂದ ಇ-ಎಸ್‌ಸಿಆರ್ ಜಾಲತಾಣದಲ್ಲಿ ಉಚಿತ. ಇಂಡಿಯನ್ ಕಾನೂನ್ ಎಂಬ ತಾಣದಲ್ಲಿ ಹುಡುಕುವುದು ಸುಲಭ. ಕರ್ನಾಟಕದ ಕಾಯ್ದೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿಗುತ್ತವೆ. ಎಐಆರ್, ಐಎಲ್‌ಆರ್ ಕರ್ನಾಟಕ ಎಂಬ ತೀರ್ಪು ವರದಿಗಳ ಹಳೆಯ ಸಂಪುಟಗಳಿಗೆ ವಕೀಲರ ಸಂಘದ ಗ್ರಂಥಾಲಯ ಇದೆ. ಕಾಲೇಜಿನಿಂದ ಒಂದು ಪತ್ರ ತೆಗೆದುಕೊಂಡು, ಪರಿಚಯದ ವಕೀಲರೊಬ್ಬರ ಜೊತೆ ಹೋಗಿ ವಿನಯವಾಗಿ ಕೇಳಿ. ಕೋರ್ಟ್ ಕಲಾಪದ ಹೊತ್ತು ಬಿಟ್ಟು ಸಂಜೆ ಹೋದರೆ ಅವರಿಗೂ ತೊಂದರೆ ಇಲ್ಲ.

ಎರಡು ಎಚ್ಚರ. ಎಸ್‌ಸಿಸಿ, ಎಐಆರ್, ಎಸ್‌ಸಿಆರ್ ಮೂರರಲ್ಲೂ ಪ್ಯಾರಾ ಸಂಖ್ಯೆ ಒಂದೇ ಇರಬೇಕೆಂದಿಲ್ಲ. ಲೇಖಕರು ಎಸ್‌ಸಿಸಿ ಪ್ಯಾರಾ ಕೊಟ್ಟು ನೀವು ಎಸ್‌ಸಿಆರ್‌ನಲ್ಲಿ ನೋಡಿದರೆ 'ತಪ್ಪು' ಎಂದು ತಪ್ಪಾಗಿ ಬರೆಯುತ್ತೀರಿ. ಸಂಖ್ಯೆ ಬಿಟ್ಟು ಮಾತನ್ನು ಹುಡುಕಿ. ಹಾಗೆಯೇ ತೀರ್ಪಿನ ಕನ್ನಡ ಅನುವಾದ ಅರ್ಥ ಮಾಡಿಕೊಳ್ಳಲು ಚೆನ್ನ, ಆದರೆ ಉಲ್ಲೇಖ ಇಂಗ್ಲಿಷ್ ಮೂಲದಿಂದಲೇ ಆಗಬೇಕು.

ಹೆಡ್‌ನೋಟ್‌ನಿಂದ ಕೋಟ್ ಮಾಡಿದ್ರೆ ಏನಾಗುತ್ತೆ?

ಹೆಡ್‌ನೋಟ್ ನ್ಯಾಯಾಧೀಶರ ಮಾತಲ್ಲ, ತೀರ್ಪು ವರದಿಯ ಸಂಪಾದಕರು ತೀರ್ಪಿನ ಮೇಲ್ಗಡೆ ಹಾಕುವ ಸಾರಾಂಶ. ಅದನ್ನು 'ಕೋರ್ಟ್ ಹೇಳಿತು' ಎಂದು ಉದ್ಧರಿಸಿದರೆ ಕೋರ್ಟ್ ಆಡದ ಮಾತನ್ನು ಅದರ ಬಾಯಿಗೆ ಇಟ್ಟಂತೆ. ಕೃತಿಸ್ವಾಮ್ಯದ ತೊಡಕೂ ಇದೆ: ತೀರ್ಪಿನ ಪಠ್ಯವನ್ನು ಯಾರಾದರೂ ಅಚ್ಚು ಮಾಡಬಹುದು, ಆದರೆ ವರದಿ ಮಾಡುವ ಸಂಸ್ಥೆಯ ಹೆಡ್‌ನೋಟ್ ಹಾಗಲ್ಲ. ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಡಿ.ಬಿ. ಮೋದಕ್, (2008) 1 ಎಸ್‌ಸಿಸಿ 1, ಇದನ್ನು ವಿವರವಾಗಿ ಚರ್ಚಿಸಿದೆ, ಪ್ರತಿಯೊಬ್ಬ ಹೊಸ ಸಂಪಾದಕರೂ ಓದಬೇಕು.

ಬ್ಲೂಬುಕ್ಕಾ, ಆಸ್ಕೊಲಾನಾ? ಯಾವುದು ಕಲೀಲಿ?

ಎರಡೂ ಅಡಿಟಿಪ್ಪಣಿ ಬರೆಯುವ ಶೈಲಿಯ ಕೈಪಿಡಿಗಳು. ನೀವು ಸೇರುವ ರಿವ್ಯೂ ಯಾವುದನ್ನು ಬಳಸುತ್ತದೋ ಅದನ್ನು. ಬ್ಲೂಬುಕ್ ಅಮೆರಿಕದ್ದು, ಚುಕ್ಕಿಗಳು ಹೆಚ್ಚು, ಸಂಕ್ಷೇಪಗಳ ಕೋಷ್ಟಕ ಉದ್ದ. ಆಸ್ಕೊಲಾ ಆಕ್ಸ್‌ಫರ್ಡಿನದು, ಚುಕ್ಕಿಯೇ ಇಲ್ಲದಷ್ಟು ಸರಳ, ಕೈಪಿಡಿಯೂ ಉಚಿತ. ಮೊದಲ ಬಾರಿ ಕಲಿಯುವವರಿಗೆ ಆಸ್ಕೊಲಾ ಬೇಗ ಕೈಗೆ ಹತ್ತುತ್ತದೆ. 2023ರಿಂದ ಸುಪ್ರೀಂ ಕೋರ್ಟ್ ತೀರ್ಪುಗಳಿಗೆ ಐಎನ್‌ಎಸ್‌ಸಿ ಎಂಬ ತಟಸ್ಥ ಉಲ್ಲೇಖ ಸಂಖ್ಯೆ (ಯಾವ ಪ್ರಕಾಶಕರದ್ದೂ ಅಲ್ಲದ, ಕೋರ್ಟೇ ಕೊಡುವ ಸಂಖ್ಯೆ) ಇದೆ, ಕರ್ನಾಟಕ ಹೈಕೋರ್ಟಿನ ತೀರ್ಪುಗಳಿಗೆ ಕೆಎಚ್‌ಸಿ ಸಂಖ್ಯೆ ಇದೆ. ಹೊಸ ತೀರ್ಪಿಗೆ ಅದನ್ನೂ ಸೇರಿಸುವುದು ಒಳ್ಳೆಯದು, ಯಾವ ಚಂದಾ ಇಲ್ಲದವರಿಗೂ ತೀರ್ಪು ಸಿಗುತ್ತದೆ.

ಐಪಿಸಿ ಅಂತ ಇದ್ದಲ್ಲೆಲ್ಲ ಬಿಎನ್‌ಎಸ್ ಅಂತ ಮಾಡ್ಬಿಡ್ಲಾ?

ದಯವಿಟ್ಟು ಬೇಡ. ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ (ಐಪಿಸಿ) ಅನ್ವಯ, ಹಳೆಯ ತೀರ್ಪುಗಳಲ್ಲಿ ಇರುವುದೂ ಅದೇ. ಹೆಸರು ಬದಲಿಸಿ ಸಂಖ್ಯೆ ಹಾಗೇ ಬಿಟ್ಟರಂತೂ ಅನರ್ಥ: ಐಪಿಸಿ 302 ಕೊಲೆಗೆ ಶಿಕ್ಷೆ, ಬಿಎನ್‌ಎಸ್‌ನಲ್ಲಿ ಅದು 103. ಬಿಎನ್‌ಎಸ್ 302 ತೆಗೆದರೆ ಸಿಗುವುದು ಧಾರ್ಮಿಕ ಭಾವನೆ ನೋಯಿಸುವ ಮಾತಿನ ಅಪರಾಧ. ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 154 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173, 482 ಈಗ 528, ಸಾಕ್ಷ್ಯ ಕಾಯ್ದೆಯ 65ಬಿ ಈಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63. ಸಂಖ್ಯೆ ಬದಲಾದ ಕಡೆ ಪದಗಳೂ ಬದಲಾಗಿವೆಯೇ ಎಂದು ಎರಡೂ ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ ಕಾಯ್ದೆಯ ಪಠ್ಯ) ಪಕ್ಕ ಪಕ್ಕ ಇಟ್ಟು ನೋಡಬೇಕು.

ಚಾಟ್‌ಜಿಪಿಟಿಗೆ ಕೇಳಿದ್ರೆ ಕೇಸ್ ಕೊಡುತ್ತಲ್ಲ?

ಕೊಡುತ್ತದೆ, ಇಲ್ಲದ ಕೇಸನ್ನೂ ಕೊಡುತ್ತದೆ. ಹೆಸರು, ವರ್ಷ, ಪುಟ ಎಲ್ಲ ಇರುತ್ತದೆ, ತೀರ್ಪು ಮಾತ್ರ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣದಲ್ಲಿ ಇಂಥ ಹುಸಿ ತೀರ್ಪುಗಳನ್ನು ಸಲ್ಲಿಸಿದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಯಾವ ಮೂಲದಿಂದ ಬಂದದ್ದಾದರೂ ತೀರ್ಪಿನ ಪ್ರತಿ ನಿಮ್ಮ ಕಡತದಲ್ಲಿ ಇಲ್ಲದಿದ್ದರೆ ಅಡಿಟಿಪ್ಪಣಿ ಹಾಕಬೇಡಿ. ಬಹಳ ರಿವ್ಯೂಗಳು ಈಗ ಎಐ ಬಳಕೆಯ ಬಗ್ಗೆ ಲೇಖಕರಿಂದ ಬರಹದಲ್ಲೇ ಘೋಷಣೆ ಕೇಳುತ್ತವೆ.

ಹೆಸರು ತೆಗೆದು ಕಳಿಸಿ ಅಂತಾರೆ. ಮೇಲಿನ ಹೆಸರು ಅಳಿಸಿದ್ರೆ ಸಾಕಾ?

ಸಾಲದು. ವರ್ಡ್ ಫೈಲಿನ ಒಳಮಾಹಿತಿಯಲ್ಲಿ ಹೆಸರು ಉಳಿದಿರುತ್ತದೆ. ಫೈಲ್, ಇನ್ಫೋ, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ದಾರಿಯಲ್ಲಿ ಹೋಗಿ ಅದನ್ನು ತೆಗೆಯಿರಿ. ಕಾಮೆಂಟುಗಳಲ್ಲಿ ಹೆಸರು, 'ನನ್ನ ಹಿಂದಿನ ಲೇಖನದಲ್ಲಿ ಹೇಳಿದಂತೆ' ಎಂಬ ಸಾಲು, ಮಾರ್ಗದರ್ಶಕರಿಗೆ ಕೃತಜ್ಞತೆ ಇವೂ ಗುರುತು ಬಿಟ್ಟುಕೊಡುತ್ತವೆ. ಫೈಲಿನ ಹೆಸರನ್ನೂ ನೋಡಿ.

ಸೀನಿಯರ್ ಬರೆದ ಲೇಖನದಲ್ಲಿ ತಪ್ಪಿದೆ. ಹೇಗೆ ಹೇಳೋದು?

ಪುಟ, ಸಾಲು, ಮೂಲದ ಪ್ರತಿ ಮೂರನ್ನೂ ಇಟ್ಟು ಹೇಳಿ. 'ಸರ್, ಅಡಿಟಿಪ್ಪಣಿ 23ರ ತೀರ್ಪಿನ 14ನೇ ಪ್ಯಾರಾದಲ್ಲಿ ಇದು ಕಾಣಲಿಲ್ಲ, ಬೇರೆ ಪ್ಯಾರಾ ಇರಬಹುದೇ?' ಎಂದು ಬರೆದರೆ ಯಾರಿಗೂ ನೋವಿಲ್ಲ. ಹೇಳದೆ ಬಿಟ್ಟು ಅದು ಅಚ್ಚಾದರೆ ಮುಖಭಂಗ ಅವರಿಗೇ. ಒಪ್ಪದಿದ್ದರೆ ಮುಖ್ಯ ಸಂಪಾದಕರ ಗಮನಕ್ಕೆ ತನ್ನಿ, ವಾಟ್ಸಾಪ್ ಗುಂಪಿನಲ್ಲಿ ವಾದ ಬೆಳೆಸಬೇಡಿ.

## ಸ್ವಂತ ಲೇಖನ

ಬರೆಯೋಕೆ ವಿಷಯಾನೇ ಹೊಳೀತಿಲ್ಲ. ಎಲ್ಲಾ ಬೆಂಗಳೂರು, ಡೆಲ್ಲಿಯೋರೇ ಬರ್ದಾಗಿದೆ!

ಸಂವಿಧಾನದ ಮೂಲ ಸಂರಚನೆಯ ಮೇಲೆ ಇನ್ನೊಂದು ಲೇಖನ ಯಾರಿಗೂ ಬೇಕಿಲ್ಲ. ಬೇಕಾದದ್ದು ನಿಮ್ಮ ಕಣ್ಣೆದುರೇ ಇದೆ.

ಪರಿಶಿಷ್ಟರ ಮಂಜೂರಾತಿ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ, ಅಂದರೆ ಪಿಟಿಸಿಎಲ್. ಅದರಡಿ ಅರ್ಜಿ ಹಾಕಲು ಕಾಲಮಿತಿ ಹೇಳಿರಲಿಲ್ಲ. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ 'ಸಮಂಜಸ ಕಾಲದೊಳಗೆ' ಬರಬೇಕೆಂದಿತು. 2023ರಲ್ಲಿ ರಾಜ್ಯ ಶಾಸಕಾಂಗ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದು ಬರೆಯಿತು. ಕೋರ್ಟಿನ ಮಾತಿಗೆ ಶಾಸಕಾಂಗ ಕೊಟ್ಟ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಉಪವಿಭಾಗಾಧಿಕಾರಿಗಳ ಕಚೇರಿಯ ಆದೇಶಗಳನ್ನು ಓದಿ ಇದನ್ನು ಬರೆಯಬಲ್ಲವರು ಇಲ್ಲಿಯವರೇ.

ಚಿಕ್ಕಮಗಳೂರಿನವರಿಗೆ ಇನ್ನೊಂದು. 1978ರ ನವೆಂಬರ್ ಉಪಚುನಾವಣೆಯಲ್ಲಿ ಇಲ್ಲಿಂದ ಗೆದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆ ಮರುತಿಂಗಳೇ ಹಕ್ಕುಚ್ಯುತಿಗಾಗಿ ಉಚ್ಚಾಟಿಸಿತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಸದಸ್ಯರನ್ನು ಉಚ್ಚಾಟಿಸುವ ಅಧಿಕಾರ ಸದನಕ್ಕೆ ಇದೆಯೇ ಎಂಬುದು ರಾಜಾರಾಂ ಪಾಲ್ ಪ್ರಕರಣದಲ್ಲಿ, (2007) 3 ಎಸ್‌ಸಿಸಿ 184, ತೀರ್ಮಾನವಾಯಿತು. ಕ್ಷೇತ್ರದ ಮತದಾರರ ದೃಷ್ಟಿಯಿಂದ ಈ ಸರಣಿಯನ್ನು ನೋಡಿದ ಲೇಖನಕ್ಕೆ ಜಾಗ ಇದೆ.

ಸಕಲೇಶಪುರ, ಆಲೂರು ಕಡೆ ಆನೆ ದಾಳಿಯ ಪರಿಹಾರ, ಒತ್ತುವರಿ ಕಾಫಿ ತೋಟದ ಗುತ್ತಿಗೆ, ಹೇಮಾವತಿ ಮುಳುಗಡೆಯವರ ಪುನರ್ವಸತಿ ಜಮೀನು, ಎತ್ತಿನಹೊಳೆ. ಕಚೇರಿಯಲ್ಲಿ ಮಾಹಿತಿ ಇಲ್ಲವೆಂದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಇದೆ, ಆದ್ದರಿಂದ ಲೇಖನದ ಗಡುವಿಗೆ ಎರಡು ಮೂರು ತಿಂಗಳು ಮುಂಚೆಯೇ ಹಾಕಬೇಕು.

ಮೊದಲ ಬರಹಕ್ಕೆ ದೊಡ್ಡ ಲೇಖನಾನಾ, ಕೇಸ್ ಕಾಮೆಂಟಾ?

ಕೇಸ್ ಕಾಮೆಂಟ್, ಅಂದರೆ ಒಂದೇ ತೀರ್ಪಿನ ವಿಮರ್ಶೆ. ಸಾಮಾನ್ಯವಾಗಿ 1,500ರಿಂದ 3,000 ಪದ. ಮೊದಲ ಬಾರಿ ಬರೆಯುವವರು ಅರ್ಧಕ್ಕಿಂತ ಹೆಚ್ಚು ಜಾಗವನ್ನು ಪ್ರಕರಣದ ಸಂಗತಿ ಹೇಳುವುದಕ್ಕೇ ಕಳೆಯುತ್ತಾರೆ, ಕೊನೆಯ ಪ್ಯಾರಾದಲ್ಲಿ 'ಹೀಗಾಗಿ ಇದು ಸ್ವಾಗತಾರ್ಹ ತೀರ್ಪು' ಎಂದು ಮುಗಿಸುತ್ತಾರೆ. ಅದು ಸಾರಾಂಶವಾಯಿತೇ ಹೊರತು ಕಾಮೆಂಟ್ ಆಗಲಿಲ್ಲ. ಸಂಗತಿ ಕಾಲು ಭಾಗ ಮೀರದಿರಲಿ. ತೀರ್ಪಿನ ಯಾವ ಒಂದು ಹೆಜ್ಜೆ ನಿಮಗೆ ಸರಿ ಕಾಣಲಿಲ್ಲ ಅಥವಾ ಯಾವ ಪ್ರಶ್ನೆಯನ್ನು ಕೋರ್ಟ್ ತೆರೆದಿಟ್ಟಿತು ಎಂಬುದನ್ನು ಮೊದಲ ಪುಟದಲ್ಲೇ ಒಂದು ವಾಕ್ಯದಲ್ಲಿ ಹೇಳಿ, ಉಳಿದದ್ದೆಲ್ಲ ಅದನ್ನೇ ಸಾಧಿಸಲಿ.

'48 ಗಂಟೇಲಿ ಪಬ್ಲಿಷ್, ಐಎಸ್‌ಎಸ್‌ಎನ್ ಇದೆ, 1,500 ಕಟ್ಟಿ' ಅಂತ ಮೆಸೇಜ್ ಬಂದಿದೆ. ಕಟ್ಲಾ?

ಕಟ್ಟಬೇಡಿ. ಎರಡು ದಿನದಲ್ಲಿ ಯಾರೂ ಲೇಖನ ಪರೀಕ್ಷಿಸಲಾರರು, ಪ್ರಾಮಾಣಿಕ ರಿವ್ಯೂಗಳು ಆರು ವಾರದಿಂದ ಕೆಲವು ತಿಂಗಳು ತೆಗೆದುಕೊಳ್ಳುತ್ತವೆ. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕದ ಎಂಟು ಅಂಕಿಯ ಗುರುತಿನ ಸಂಖ್ಯೆ ಅಷ್ಟೆ, ಗುಣಮಟ್ಟದ ಮುದ್ರೆಯಲ್ಲ. ಭಾರತದಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ. 'ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ' ಎಂಬುದನ್ನೂ ನಂಬಬೇಡಿ, ಒಪ್ಪಿತ ನಿಯತಕಾಲಿಕಗಳ ಆ ಪಟ್ಟಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೈಬಿಟ್ಟಿರುವುದಾಗಿ 2025ರ ಫೆಬ್ರವರಿಯಲ್ಲಿ ತಿಳಿಸಿದೆ.

ಹತ್ತು ಪರ್ಸೆಂಟ್ ಒಳಗೆ ಇದ್ರೆ ಕಾಪಿ ಅಲ್ಲ ಅಂತಾರಲ್ಲ?

ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ ಎಂಬುದು ನಿಜ. ಆದರೆ ಹೋಲಿಕೆ ಹುಡುಕುವ ತಂತ್ರಾಂಶ ಅಳೆಯುವುದು ಪದಗಳನ್ನು ಮಾತ್ರ. ಬೇರೊಬ್ಬರ ವಾದವನ್ನು ನಿಮ್ಮ ಪದಗಳಲ್ಲಿ ಬರೆದು ಅವರ ಹೆಸರು ಬಿಟ್ಟರೆ ಅದು ಶೇ. 2 ತೋರಿಸಿದರೂ ಕಳವೇ. ಬೇರೆ ಲೇಖನದ ಅಡಿಟಿಪ್ಪಣಿಯನ್ನು ಓದದೆ ಎತ್ತಿ ಹಾಕಿಕೊಳ್ಳುವುದು ಇನ್ನೊಂದು ಚಾಳಿ. ಆ ಲೇಖಕರ ಪುಟಸಂಖ್ಯೆಯ ತಪ್ಪೂ ಜೊತೆಗೇ ಬಂದಾಗ ಸಿಕ್ಕಿಬೀಳುತ್ತಾರೆ.

## ಹೊಣೆಗಾರಿಕೆ

ಜಡ್ಜ್‌ಮೆಂಟ್ ತಪ್ಪು ಅಂತ ಬರೆದ್ರೆ ಕಂಟೆಂಪ್ಟ್ ಆಗಲ್ವಾ?

ಇತ್ಯರ್ಥವಾದ ಪ್ರಕರಣದ ತೀರ್ಪನ್ನು ನ್ಯಾಯಯುತವಾಗಿ ವಿಮರ್ಶಿಸುವುದು ನಿಂದನೆಯಲ್ಲ, ನ್ಯಾಯಾಂಗ ನಿಂದನೆ ಕಾಯ್ದೆ 1971ರ 5ನೇ ಕಲಂ ಅದನ್ನೇ ಹೇಳುತ್ತದೆ. ತೀರ್ಪಿನ ತರ್ಕದ ಮೇಲೆ ಬರೆಯಿರಿ, ನ್ಯಾಯಾಧೀಶರ ಉದ್ದೇಶದ ಮೇಲೆ ಬರೆಯಬೇಡಿ. ವಿಚಾರಣೆ ಇನ್ನೂ ನಡೆಯುತ್ತಿದ್ದರೆ ಹೆಚ್ಚಿನ ಎಚ್ಚರ ಬೇಕು, ಬೋಧಕ ಸಲಹೆಗಾರರಿಗೆ ತೋರಿಸಿಯೇ ಮುಂದುವರಿಯಿರಿ.

ತೀರ್ಪಲ್ಲೇ ಸಂತ್ರಸ್ತೆ ಹೆಸರಿದೆ. ನಾವೂ ಹಾಕ್ಬಹುದಾ?

ಹಾಕಬಾರದು. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಬಯಲು ಮಾಡುವುದು ಬಿಎನ್‌ಎಸ್ 72ರಡಿ ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೊ 23 ಮತ್ತು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇವೆ. ಹೆಸರು ಬಿಟ್ಟು ಊರು, ಶಾಲೆ, ತಂದೆಯ ಹೆಸರು ಬರೆದರೂ ಗುರುತು ಸಿಕ್ಕಂತೆಯೇ. ನಮ್ಮಂಥ ಸಣ್ಣ ಊರುಗಳಲ್ಲಿ ಇದು ಬಹಳ ಬೇಗ ಆಗುತ್ತದೆ. ನಿಪುಣ್ ಸಕ್ಸೇನಾ ಪ್ರಕರಣ, (2019) 2 ಎಸ್‌ಸಿಸಿ 703, ಓದಿಕೊಳ್ಳಿ.

ನಮ್ ಜಮೀನಿನ ತಕರಾರಿದೆ, ನಿಮ್ ರಿವ್ಯೂನೋರು ಸಲಹೆ ಕೊಡ್ತೀರಾ?

ವಿದ್ಯಾರ್ಥಿಗಳು ವಕೀಲರಲ್ಲ, ಸಲಹೆ ಕೊಡಬಾರದು. ಮಂಡಳಿಯವರೇ, ಇಂಥವರು ಬಂದಾಗ ಸುಮ್ಮನೆ ವಾಪಸ್ ಕಳಿಸಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿ, 15100 ಸಹಾಯವಾಣಿ ಹೇಳಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿನ ಹಕ್ಕಿದೆ.

## ನಮ್ಮದೇ ಶುರು ಮಾಡುವುದಾದರೆ

ಹಾಸನದಲ್ಲೇ ಒಂದು ಶುರು ಮಾಡ್ಬೇಕು ಅಂತಿದ್ದೀವಿ. ಎಷ್ಟು ಜನ, ಎಷ್ಟು ದುಡ್ಡು, ಏನ್ ಪರ್ಮಿಷನ್?

ಹತ್ತು ಜನ ಸಾಕು: ಮುಖ್ಯ ಸಂಪಾದಕ, ವ್ಯವಸ್ಥಾಪಕ ಸಂಪಾದಕ, ಲೇಖನ ನೋಡುವವರು ಮೂವರು, ಅಡಿಟಿಪ್ಪಣಿಗೆ ನಾಲ್ವರು, ಜಾಲತಾಣಕ್ಕೆ ಒಬ್ಬರು. ಅಡಿಟಿಪ್ಪಣಿಗೆ ಕಡಿಮೆ ಜನ ಹಾಕಿ ಪದವಿಗಳಿಗೆ ಹೆಚ್ಚು ಜನ ಹಾಕಿದರೆ ಮೊದಲ ಸಂಚಿಕೆಯೇ ಹೊರಬರುವುದಿಲ್ಲ. ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಮತ್ತು ಒಬ್ಬ ಬೋಧಕ ಸಲಹೆಗಾರರು ಬೇಕು. ಯಾವ ಲೇಖನ ಹಾಕಬೇಕು ಎಂಬ ತೀರ್ಮಾನ ಮಾತ್ರ ವಿದ್ಯಾರ್ಥಿಗಳ ಕೈಯಲ್ಲೇ ಇರಲಿ ಎಂದು ಆ ಪತ್ರದಲ್ಲೇ ಬರೆಸಿಕೊಳ್ಳಿ.

ಅಚ್ಚು ಮಾಡಿಸುವ ಆತುರ ಬೇಡ, ಆನ್‌ಲೈನ್ ಸಾಕು. ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶ ಉಚಿತ, ಖರ್ಚು ಡೊಮೈನ್ ಮತ್ತು ಹೋಸ್ಟಿಂಗ್‌ಗೆ ಮಾತ್ರ. 2023ರ ಪತ್ರಿಕಾ ನೋಂದಣಿ ಕಾಯ್ದೆಯ ವ್ಯಾಖ್ಯೆ ಶೈಕ್ಷಣಿಕ ನಿಯತಕಾಲಿಕಗಳನ್ನು ಹೊರಗಿಟ್ಟಿದೆ. ಆದರೆ ಸಂಚಿಕೆಯಲ್ಲಿ ಸುದ್ದಿ, ಕಾಲೇಜಿನ ವರದಿ ತುಂಬತೊಡಗಿದರೆ ಆ ರಕ್ಷಣೆ ಸಡಿಲವಾಗುತ್ತದೆ. ಐಎಸ್‌ಎಸ್‌ಎನ್‌ಗೆ ಮೊದಲ ಸಂಚಿಕೆ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ. ಮೊದಲ ಸಂಚಿಕೆಗೆ ಐದಾರು ಬರಹ, ಲೇಖನಕ್ಕೆ ಕರೆ ಕೊಟ್ಟಲ್ಲಿಂದ ಪ್ರಕಟಣೆಗೆ ಆರರಿಂದ ಎಂಟು ತಿಂಗಳು ಇಟ್ಟುಕೊಳ್ಳಿ.

ಕನ್ನಡ ಲೇಖನಾನೂ ತಗೋಬಹುದಾ?

ತೆಗೆದುಕೊಳ್ಳಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಯೂನಿಕೋಡ್‌ನಲ್ಲೇ ಕಳಿಸಲು ನಿಯಮ ಹಾಕಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಜಾಲತಾಣದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಪಾರಿಭಾಷಿಕ ಪದಗಳಿಗೆ ಕಾಯ್ದೆಯ ಅಧಿಕೃತ ಕನ್ನಡ ಪಠ್ಯದ ಪದವನ್ನೇ ಬಳಸಿ, ಒಂದೇ ಸಂಚಿಕೆಯಲ್ಲಿ ಸೆಕ್ಷನ್‌ಗೆ ಒಂದು ಕಡೆ 'ಪ್ರಕರಣ', ಇನ್ನೊಂದು ಕಡೆ 'ಕಲಂ' ಆಗಬಾರದು.

ಎರಡು ಸಂಚಿಕೆ ಬಂದ್ಮೇಲೆ ಎಲ್ಲಾ ನಿಂತೋಗುತ್ತಲ್ಲ, ಯಾಕೆ?

ಮುಖ್ಯ ಸಂಪಾದಕರು ಪಾಸಾಗಿ ಹೋಗುತ್ತಾರೆ, ಪಾಸ್‌ವರ್ಡ್ ಅವರ ಜೊತೆಗೇ ಹೋಗುತ್ತದೆ. ಹೆಚ್ಚಿನ ಕಡೆ ಕಾರಣ ಇಷ್ಟೇ. ಮೇಲ್ ಖಾತೆ ಯಾರ ಸ್ವಂತ ನಂಬರಿಗೂ ಕಟ್ಟಿಹಾಕಿರಬಾರದು, ಬೋಧಕ ಸಲಹೆಗಾರರ ಬಳಿಯೂ ಪಾಸ್‌ವರ್ಡಿನ ಒಂದು ಪ್ರತಿ ಇರಲಿ. ಹೊಸ ಮಂಡಳಿಯನ್ನು ಹಳಬರು ಹೋಗುವ ಒಂದು ಸೆಮಿಸ್ಟರ್ ಮುಂಚೆ ಆರಿಸಿ, ಒಂದು ಸಂಚಿಕೆಯನ್ನು ಇಬ್ಬರೂ ಸೇರಿ ತನ್ನಿ. ಹಸ್ತಾಂತರದ ಕಡತದಲ್ಲಿ ನಡುವೆ ನಿಂತಿರುವ ಲೇಖನಗಳ ಪಟ್ಟಿ, ಲೇಖಕರಿಗೆ ಕೊಟ್ಟ ಮಾತು, ಉಲ್ಲೇಖ ಶೈಲಿಯಲ್ಲಿ ನೀವೇ ಮಾಡಿಕೊಂಡ ಸ್ಥಳೀಯ ನಿಯಮಗಳು ಇರಬೇಕು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಡೊಮೈನ್ ನವೀಕರಣದ ದಿನಾಂಕ ಬರೆದಿಡಿ. ಅದು ಪರೀಕ್ಷೆಯ ತಿಂಗಳಿನಲ್ಲಿ ಬಿದ್ದರೆ ಮುಂಚೆಯೇ ಎರಡು ವರ್ಷಕ್ಕೆ ಕಟ್ಟಿಬಿಡಿ.